ಎಸ್390ಎಕ್ಸ್ ಬೈನರಿ ಇಂಟರ್‌ಫೇಸ್: ಎಫ್4, ಎಫ್6 ರಿಜಿಸ್ಟರುಗಳನ್ನು ಉಳಿಸಿಕೊಡಬೇಕಾದವರು ಯಾರು?

ಪ್ರಶ್ನೆ (ಸುರತ್ಕಲ್):
ಎಲ್ಲರಿಗೂ ನಮಸ್ಕಾರ. ಮಂಗಳೂರಿನ ನಮ್ಮ ಕಚೇರಿಯಲ್ಲಿ ವಿಮಾ ಲೆಕ್ಕಾಚಾರದ ಅಸೆಂಬ್ಲಿ ಫಂಕ್ಷನ್ ಒಂದನ್ನು ಐಬಿಎಂ ಮೇನ್‌ಫ್ರೇಮಿನ 64 ಬಿಟ್ ಲಿನಕ್ಸ್‌ಗಾಗಿ (ಎಸ್390ಎಕ್ಸ್) ಬರೆಯುತ್ತಿದ್ದೇನೆ. ಒಂದು ದಾಖಲೆಯ ಪ್ರಕಾರ ಫ್ಲೋಟಿಂಗ್ ಪಾಯಿಂಟ್ ರಿಜಿಸ್ಟರುಗಳಾದ (ಭಿನ್ನಾಂಶವಿರುವ ಸಂಖ್ಯೆಗಳನ್ನು ಇಡುವ, ಪ್ರೊಸೆಸರಿನೊಳಗಿನ ಜಾಗಗಳು) ಎಫ್4, ಎಫ್6ರಲ್ಲಿರುವ ಮೌಲ್ಯಗಳನ್ನು ಕರೆಯಲ್ಪಟ್ಟ ಫಂಕ್ಷನ್ ಹಾಗೆಯೇ ಹಿಂದಿರುಗಿಸಬೇಕು. ಇನ್ನೊಂದರ ಪ್ರಕಾರ ಅವು ಆರ್ಗ್ಯುಮೆಂಟುಗಳಿಗೆ (ಫಂಕ್ಷನ್ನಿಗೆ ಕೊಡುವ ಮೌಲ್ಯಗಳಿಗೆ) ಮೀಸಲು. ಯಾವುದನ್ನು ನಂಬಲಿ? ಅಲ್ಲದೆ, ರಿಜಿಸ್ಟರುಗಳನ್ನು ಉಳಿಸಿಡಲು ಕರೆಯುವ ಫಂಕ್ಷನ್ ಸ್ಟ್ಯಾಕಿನಲ್ಲಿ ಒದಗಿಸುವ 160 ಬೈಟಿನ ಸೇವ್ ಏರಿಯಾದಲ್ಲಿ ಫ್ಲೋಟಿಂಗ್ ಪಾಯಿಂಟಿಗೆ ನಾಲ್ಕೇ ಸ್ಥಾನಗಳಿರುವಾಗ ಎಫ್8ರಿಂದ ಎಫ್15ರವರೆಗಿನ ಎಂಟನ್ನು ಎಲ್ಲಿ ಇಡಬೇಕು?

ಉತ್ತರ (ಮಣಿಪಾಲ):
ಎರಡೂ ಸರಿಯೇ. ಮೊದಲನೆಯದು 31 ಬಿಟ್ ಎಸ್390ರದ್ದು, ಎರಡನೆಯದು ನಿಮಗೆ ಬೇಕಾದ ಎಸ್390ಎಕ್ಸ್‌ನದ್ದು. 31 ಬಿಟ್‌ನಲ್ಲಿ ಆರ್ಗ್ಯುಮೆಂಟುಗಳು ಎಫ್0, ಎಫ್2ರಲ್ಲಿ ಮಾತ್ರ ಹೋಗುತ್ತವೆ; ಎಫ್4, ಎಫ್6ನ್ನು ಉಳಿಸಿಕೊಡಬೇಕು. 64 ಬಿಟ್‌ನಲ್ಲಿ ಎಫ್0, ಎಫ್2, ಎಫ್4, ಎಫ್6 ನಾಲ್ಕೂ ಆರ್ಗ್ಯುಮೆಂಟುಗಳಿಗೆ, ಫಲಿತಾಂಶ ಎಫ್0ರಲ್ಲಿ, ಉಳಿಸಿಕೊಡಬೇಕಾದವು ಎಫ್8ರಿಂದ ಎಫ್15. ಎಫ್1, ಎಫ್3, ಎಫ್5, ಎಫ್7ರಲ್ಲಿ ಇಟ್ಟದ್ದು ಇನ್ನೊಂದು ಫಂಕ್ಷನ್ನನ್ನು ಕರೆದ ಮೇಲೂ ಇರುತ್ತದೆಂದು ಎರಡರಲ್ಲಿಯೂ ನಂಬುವಂತಿಲ್ಲ. ಇಂತಹ ಕೋಷ್ಟಕಗಳ ನೆತ್ತಿಯಲ್ಲೇ 31 ಅಥವಾ 64 ಎಂದು ಬರೆಯುವುದು ದಾಖಲೆ ಬರೆಯುವವರ ಕರ್ತವ್ಯವೆಂದು ನಾನು ಬಲವಾಗಿ ನಂಬುತ್ತೇನೆ.

ಸೇವ್ ಏರಿಯಾದಲ್ಲಿ 128ರಿಂದ 159ರವರೆಗಿನ ಆ ನಾಲ್ಕು ಸ್ಥಾನಗಳು ಆರ್ಗ್ಯುಮೆಂಟ್ ರಿಜಿಸ್ಟರುಗಳಿಗೇ ಸೇರಿದವು. ಎಫ್8ರಿಂದ ಮುಂದಿನವುಗಳಿಗೆ ನಿಮ್ಮ ಸ್ವಂತ ಫ್ರೇಮಿನಲ್ಲಿ (ಸ್ಟ್ಯಾಕಿನಲ್ಲಿ ನಿಮ್ಮ ಫಂಕ್ಷನ್ನಿನ ಪಾಲು) ಜಾಗ ಮಾಡಿಕೊಳ್ಳಬೇಕು. ಎಂಟನ್ನೂ ಬಳಸುವುದಾದರೆ ಸ್ಟ್ಯಾಕ್ ಪಾಯಿಂಟರ್ ಆದ ಆರ್15ನ್ನು 224 ಬೈಟು ಇಳಿಸಿರಿ: ಕೆಳಗಿನ 160 ಬೈಟು ನೀವು ಕರೆಯುವ ಫಂಕ್ಷನ್ನುಗಳಿಗೆ, ಅದರ ಮೇಲಿನ 64 ನಿಮಗೆ. ಎಫ್8 ಆಫ್‌ಸೆಟ್ 160ರಲ್ಲಿ, ಎಫ್15 216ರಲ್ಲಿ ಕೂರುತ್ತವೆ. ಎಫ್8 ಒಂದನ್ನೇ ಮುಟ್ಟುವ ಫಂಕ್ಷನ್ ಅದೊಂದನ್ನು ಉಳಿಸಿದರೆ ಸಾಕು.

ಉತ್ತರ (ಉಡುಪಿ):
ಸಮಸಂಖ್ಯೆಗಳೇ ಏಕೆ ಎಂಬ ಪ್ರಶ್ನೆಯೂ ಬಂದೀತೆಂದು ಇದನ್ನು ಸೇರಿಸುತ್ತೇನೆ. ಈ ಮೇನ್‌ಫ್ರೇಮುಗಳ ಪೂರ್ವಜವಾದ 1964ರ ಐಬಿಎಂ ಸಿಸ್ಟಮ್/360ರಲ್ಲಿ ಇದ್ದ ಫ್ಲೋಟಿಂಗ್ ಪಾಯಿಂಟ್ ರಿಜಿಸ್ಟರುಗಳೇ ನಾಲ್ಕು: 0, 2, 4, 6. ಉಳಿದ ಹನ್ನೆರಡು, ಐಇಇಇ ಮಾನದಂಡದ ಫ್ಲೋಟಿಂಗ್ ಪಾಯಿಂಟ್ ಅಂಕಗಣಿತದೊಂದಿಗೆ, 1998ರ ಜಿ5 ಯಂತ್ರದಲ್ಲಿ ಬಂದವು. ಹೊಸ ನಿಯಮ ಹಳೆಯ ನಾಲ್ಕನ್ನು ತಮ್ಮ ಸ್ಥಾನದಿಂದ ಕದಲಿಸಲಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಮುಂದೆ ಇದೇ ಫಂಕ್ಷನ್ನಿನಲ್ಲಿ ವೆಕ್ಟರ್ ರಿಜಿಸ್ಟರುಗಳನ್ನು (ಒಮ್ಮೆಗೆ ಹಲವು ಮೌಲ್ಯಗಳನ್ನು ಹಿಡಿಯುವವು) ಬಳಸುವ ಆಲೋಚನೆಯಿದೆ. ವಿ8ರಿಂದ ವಿ15ರವರೆಗಿನವೂ ಹಾಗೆಯೇ ಸುರಕ್ಷಿತವೇ?

ಉತ್ತರ (ಮಣಿಪಾಲ):
ಅರ್ಧ ಮಾತ್ರ, ದಯವಿಟ್ಟು ಎಚ್ಚರ ವಹಿಸಿ. 2015ರ ಝಡ್13 ಯಂತ್ರದಲ್ಲಿ ಬಂದ 128 ಬಿಟ್‌ನ ವೆಕ್ಟರ್ ರಿಜಿಸ್ಟರುಗಳ ಪೈಕಿ ಮೊದಲ ಹದಿನಾರರ ಎಡಭಾಗದ 64 ಬಿಟ್‌ಗಳೇ ಫ್ಲೋಟಿಂಗ್ ಪಾಯಿಂಟ್ ರಿಜಿಸ್ಟರುಗಳು. ನೀವು ಕರೆದ ಫಂಕ್ಷನ್ ಎಫ್8ನ್ನು ನಿಯಮದಂತೆ ಉಳಿಸಿ ಮರಳಿ ತುಂಬಿದರೂ ವಿ8ರ ಬಲಭಾಗದಲ್ಲಿ ಏನಿರುತ್ತದೆಂದು ಹೇಳಲಾಗದು. ಪೂರ್ಣ ವೆಕ್ಟರ್ ಉಳಿಯಬೇಕಿದ್ದರೆ ಕರೆಯುವ ಮೊದಲು ನೀವೇ ಅದನ್ನು ಸ್ಟ್ಯಾಕಿನಲ್ಲಿ ಬರೆದಿಡಿ.