ಸಹಾಯ ಬೇಕು: ಐಟಿಯವರ ಮಾತು ಎಲ್ಲರಿಗೂ ತಿಳಿಯುವಂತೆ ಬರೆಯಲು

ನಮಸ್ಕಾರ. ನಾನು ಪುಣೆಯ ಹಿಂಜೆವಾಡಿಯಲ್ಲಿ ಒಂದು ಆಫೀಸಿನ ಐಟಿ ಸಪೋರ್ಟ್ ನೋಡಿಕೊಳ್ಳುತ್ತೇನೆ.

ಅಕೌಂಟ್ಸ್‌ನಲ್ಲಿ ಸೊಲ್ಲಾಪುರ ಕಡೆಯ ಅಕ್ಕ ಒಬ್ಬರಿದ್ದಾರೆ, ಕನ್ನಡದವರೇ. ಕಂಪ್ಯೂಟರ್ ತುಂಬಾ ಸ್ಲೋ ಎಂದು ಮೂರು ಸಲ ಫೋನ್ ಮಾಡಿದರು. ಮೂರು ಸಲವೂ ನಮ್ಮವರು "ರೀಸ್ಟಾರ್ಟ್ ಮಾಡಿ" ಎಂದು ಫೋನ್ ಇಟ್ಟರು. "ದಿನಾ ಸಂಜೆ ಬಂದ್ ಮಾಡಿಯೇ ಹೋಗ್ತೀನಲ್ಲಪ್ಪಾ" ಎಂದರು ಅಕ್ಕ. ಹೋಗಿ ನೋಡಿದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಅಪ್‌ಟೈಮ್, ಅಂದರೆ ಸಿಸ್ಟಮ್ ಕೊನೆಯ ಸಲ ಹೊಸದಾಗಿ ಶುರುವಾಗಿ ಎಷ್ಟು ಹೊತ್ತಾಯಿತು ಎಂಬ ಲೆಕ್ಕ, 23 ದಿನ ಎಂದಿತ್ತು! ಆದರೆ ಅಕ್ಕ ಹೇಳಿದ್ದು ಸುಳ್ಳಲ್ಲ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ (ಕಂಪ್ಯೂಟರ್ ಬೇಗ ಶುರುವಾಗಲಿ ಎಂದು ಇರುವ ಸೆಟ್ಟಿಂಗ್) ಆನ್ ಇದ್ದರೆ, ಶಟ್‌ಡೌನ್ ಮಾಡಿದಾಗ ಸಿಸ್ಟಮ್ಮಿನ ಒಳಗಿನ ಸ್ಥಿತಿ ಡಿಸ್ಕಿನಲ್ಲಿ ಉಳಿಯುತ್ತದೆ. ಬೆಳಿಗ್ಗೆ ಅದೇ ವಾಪಸ್ ಬರುತ್ತದೆ. ರೀಸ್ಟಾರ್ಟ್ ಒತ್ತಿದರೆ ಮಾತ್ರ ಎಲ್ಲ ಹೊಸದಾಗಿ ಶುರು. ಇದನ್ನು ನಾವು ಯಾರಿಗೂ ಹೇಳಿಯೇ ಇರಲಿಲ್ಲ. ಸುಮ್ನೆ ಅವರ ಮೇಲೆ ರೇಗಿದ್ದೆವು. ನನಗೆ ತುಂಬಾ ಬೇಜಾರಾಯಿತು.

ಇಂಥವನ್ನೆಲ್ಲ ಸೇರಿಸಿ ಕನ್ನಡ, ಮರಾಠಿಯಲ್ಲಿ ಒಂದು ಪುಟ ಬರೆದು ಪ್ರತಿ ಟೇಬಲ್ಲಿಗೂ ಕೊಡಬೇಕು ಅಂತಿದ್ದೇನೆ. ನಿಮ್ಮ ಐಟಿಯವರ ಯಾವ ಮಾತು ನಿಮಗೆ ಅರ್ಥವಾಗಲಿಲ್ಲ? ಕ್ಯಾಶ್, ಡ್ರೈವರ್, ವಿಪಿಎನ್, ಯಾವುದಾದರೂ ಸರಿ. ಕೇಳಲು ಸಂಕೋಚಪಟ್ಟದ್ದಿದ್ದರೆ ಅದನ್ನೇ ಮೊದಲು ಬರೆಯಿರಿ. ಮರಾಠಿ ತಿದ್ದಿಕೊಡುವವರು ಒಬ್ಬರು ಸಿಕ್ಕರೆ ದೊಡ್ಡ ಉಪಕಾರ. ಶನಿವಾರದೊಳಗೆ ಆದರೆ ಒಳ್ಳೆಯದು.