ಹಳೆಯ ರೆಕಾರ್ಡ್‌ಗಳನ್ನು ಪುಕ್ಕಟೆ ಕೇಳಿಸಿದ್ದಕ್ಕೆ ಕಾಪಿರೈಟ್ ಕ್ಲೇಮ್: ಡಿಸ್‌ಪ್ಯೂಟ್ ಮಾಡುವುದೇ, ಬಿಡುವುದೇ?

ಸೂಜಿಮೊನೆ:

ಜಾಹೀರಾತಿಲ್ಲದ, ಯಾರು ಬೇಕಾದರೂ ಪುಕ್ಕಟೆ ಕೇಳಬಹುದಾದ ಯೂಟ್ಯೂಬ್ ಚಾನೆಲ್. ಮೂರು ವಿಡಿಯೊಗಳಿಗೆ ಕಂಟೆಂಟ್ ಐಡಿ (ಹಕ್ಕುದಾರರು ಕೊಟ್ಟ ಫೈಲ್‌ಗಳ ಜೊತೆ ವಿಡಿಯೊಗಳನ್ನು ತಾನಾಗಿ ಹೋಲಿಸುವ ಯೂಟ್ಯೂಬ್ ವ್ಯವಸ್ಥೆ) ಕ್ಲೇಮ್ ಬಂದಿದೆ.

ಒಂದು, ಬೀಥೋವನ್‌ನ ಪಿಯಾನೊ ಸೊನಾಟಾ. ನುಡಿಸಿದ್ದೂ ರೆಕಾರ್ಡ್ ಮಾಡಿದ್ದೂ ನಾನೇ, ಆದರೂ ಒಂದು ಲೇಬಲ್ ಅದು ತನ್ನ ಕಲಾವಿದರ ಧ್ವನಿಮುದ್ರಣ ಅನ್ನುತ್ತಿದೆ. ಎರಡು, 1921ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ 78 ಆರ್‌ಪಿಎಂ ತಟ್ಟೆಯಿಂದ ನೇರವಾಗಿ ಇಳಿಸಿದ್ದು; ಇದರ ಮೇಲೆ, ಅದನ್ನೇ ಸಿಡಿಯಲ್ಲಿ ಮತ್ತೆ ತಂದ ಕಂಪನಿಯ ಕ್ಲೇಮ್. ಮೂರು, 1954ರ ಜಾಝ್ ತಟ್ಟೆ. ಅಮೆರಿಕದಲ್ಲಿ ಮಾತ್ರ ಬ್ಲಾಕ್ ಆಗಿದೆ, ಬೇರೆ ಕಡೆ ಕೇಳುತ್ತದೆ.

ಇವು ಸ್ಟ್ರೈಕ್‌ಗಳೇ? ಡಿಸ್‌ಪ್ಯೂಟ್ (ತಕರಾರು) ಹಾಕಿದರೆ ಚಾನೆಲ್‌ಗೆ ಅಪಾಯವೇ? ಇನ್ನೊಂದು: ಇದರಿಂದ ಒಂದು ಕಾಸೂ ಬರುತ್ತಿಲ್ಲ ಎನ್ನುವುದಕ್ಕೆ ಕಾನೂನಿನಲ್ಲಿ ಏನಾದರೂ ಬೆಲೆ ಇದೆಯೇ?

ಗಮಕಿ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಬೆಲೆ ಇದೆ, ಆದರೆ ತೀರಾ ಕಡಿಮೆ. ಅಮೆರಿಕದ ಫೇರ್ ಯೂಸ್ (ಅನುಮತಿಯಿಲ್ಲದೆಯೂ ಬಳಸಲು ಕಾನೂನು ಬಿಡುವ ಸಂದರ್ಭ) ಪರೀಕ್ಷೆಯ ನಾಲ್ಕು ಅಂಶಗಳಲ್ಲಿ ಬಳಕೆಯ ಉದ್ದೇಶ ಒಂದು, ಲಾಭಕ್ಕೋ ಅಲ್ಲವೋ ಎನ್ನುವುದು ಅದರೊಳಗಿನ ಒಂದು ಭಾಗ, ಅಷ್ಟೇ. ಇಡೀ ಹಾಡನ್ನು ಇದ್ದ ಹಾಗೇ ಹಾಕಿದರೆ ಉಳಿದ ಅಂಶಗಳು ನಿಮ್ಮ ವಿರುದ್ಧ ನಿಲ್ಲುತ್ತವೆ. ಹಾಡುಗಳನ್ನು ಹಂಚಿಕೊಳ್ಳುವ ಸೇವೆ ನ್ಯಾಪ್‌ಸ್ಟರ್ ಬಳಕೆದಾರರಿಂದ ಹಣ ಪಡೆಯುತ್ತಿರಲಿಲ್ಲ, ಆದರೂ 2001ರಲ್ಲಿ ನ್ಯಾಯಾಲಯದ ಆದೇಶದಿಂದ ಅದರ ಬಾಗಿಲು ಮುಚ್ಚಿತು. ಪುಕ್ಕಟೆ ಕೇಳಿಸುತ್ತಿದ್ದ ಗ್ರೂವ್‌ಶಾರ್ಕ್ 2015ರಲ್ಲಿ ನಿಂತುಹೋಯಿತು. ವಿವರಣೆಯಲ್ಲಿ ‘ಎಲ್ಲ ಹಕ್ಕುಗಳೂ ಮೂಲ ಮಾಲೀಕರವು, ಉಲ್ಲಂಘನೆಯ ಉದ್ದೇಶವಿಲ್ಲ’ ಎಂದು ಬರೆಯುವವರಿದ್ದಾರಲ್ಲ, ಅದರಿಂದ ಉಪಯೋಗವಿಲ್ಲ ಎನ್ನುವುದಿರಲಿ, ಬೇರೆಯವರದು ಎಂದು ಗೊತ್ತಿದ್ದೇ ಹಾಕಿದ್ದೇನೆ ಅಂತ ತಾವೇ ಬರೆದುಕೊಟ್ಟಂತೆ.

ಮೂರೂ ಕ್ಲೇಮ್‌ಗಳೇ, ಸ್ಟ್ರೈಕ್ ಅಲ್ಲ. ಕ್ಲೇಮ್ ಆ ಒಂದು ವಿಡಿಯೊಗೆ ಸೀಮಿತ: ಹಕ್ಕುದಾರರು ಅದನ್ನು ಬ್ಲಾಕ್ ಮಾಡಬಹುದು, ಜಾಹೀರಾತು ಹಾಕಿ ಹಣ ಪಡೆಯಬಹುದು, ಇಲ್ಲವೇ ಎಷ್ಟು ಜನ ನೋಡಿದರು ಎಂದು ಗಮನಿಸುತ್ತ ಇರಬಹುದು. ಅಂದಮೇಲೆ ನೀವು ಜಾಹೀರಾತು ಬೇಡ ಎಂದಿದ್ದರೂ ಕ್ಲೇಮ್ ಮಾಡಿದವರು ಹಾಕಿಸಬಹುದು. ಸ್ಟ್ರೈಕ್ ಬರುವುದು ಕಾನೂನುಬದ್ಧ ಟೇಕ್‌ಡೌನ್ (ವಿಡಿಯೊ ತೆಗೆಯಿರಿ ಎಂಬ) ಕೋರಿಕೆ ಬಂದಾಗ. 90 ದಿನಗಳ ಅವಧಿಯಲ್ಲಿ ಮೂರು ಸ್ಟ್ರೈಕ್ ಸೇರಿದರೆ ಚಾನೆಲ್ಲೇ ಹೋಗಬಹುದು.

ಇನ್ನು ಮುಖ್ಯ ವಿಷಯ. ಒಂದು ತಟ್ಟೆಯಲ್ಲಿ ಎರಡು ಹಕ್ಕುಗಳಿರುತ್ತವೆ: ಕೃತಿಯದು (ರಾಗಸಂಯೋಜನೆ, ಸಾಹಿತ್ಯ) ಒಂದು, ಧ್ವನಿಮುದ್ರಣದ್ದು ಇನ್ನೊಂದು. ಎರಡರ ಅವಧಿಯೂ ಬೇರೆ ಬೇರೆ, ಅದೂ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಎರಡೂ ಮುಗಿದಿದ್ದರೆ ಮಾತ್ರ ಕೈ ಹಾಕಿ.

ಸೊನಾಟಾ: ಬೀಥೋವನ್ ಸತ್ತದ್ದು 1827ರಲ್ಲಿ, ಕೃತಿ ಎಲ್ಲರದು. ಧ್ವನಿಮುದ್ರಣ ನಿಮ್ಮದು. ನುಡಿಸುವಾಗ ಈಚಿನ ಸಂಪಾದಕರೊಬ್ಬರು ಹೊಸದಾಗಿ ಅಳವಡಿಸಿದ ಆವೃತ್ತಿಯನ್ನು ಬಳಸಿಲ್ಲ ತಾನೆ? ಇಲ್ಲವಾದರೆ ಕಣ್ಣುಮುಚ್ಚಿ ಡಿಸ್‌ಪ್ಯೂಟ್ ಮಾಡಿ.

1921ರ ತಟ್ಟೆ: ಅಮೆರಿಕದ 2018ರ ಮ್ಯೂಸಿಕ್ ಮಾಡರ್ನೈಸೇಶನ್ ಆ್ಯಕ್ಟ್ ಪ್ರಕಾರ, 1923ಕ್ಕೆ ಮೊದಲು ಪ್ರಕಟವಾದ ಧ್ವನಿಮುದ್ರಣಗಳೆಲ್ಲ 2022ರ ಜನವರಿ 1ರಂದು ಪಬ್ಲಿಕ್ ಡೊಮೈನ್ (ಹಕ್ಕು ಮುಗಿದು ಎಲ್ಲರದೂ ಆದ ಸ್ಥಿತಿ) ಸೇರಿದವು. 1923ರಿಂದ 1946ರವರೆಗಿನವಕ್ಕೆ 100 ವರ್ಷ; ಅಂದರೆ 1924ರವು 2025ರ ಜನವರಿ 1ರಂದು ಬಂದವು. ಆ ಹಾಡಿನ ಕೃತಿಯೂ ಆ ಹೊತ್ತಿಗೆ ಪ್ರಕಟವಾಗಿದ್ದರೆ ಅಮೆರಿಕದಲ್ಲಿ ಅದರ ಹಕ್ಕೂ ಮುಗಿದಿದೆ. ಆದರೆ ಮೃತ್ಯುವಿನಿಂದ 70 ವರ್ಷ ಎಣಿಸುವ ಯುರೋಪಿನಲ್ಲಿ, ರಚನಕಾರರು 1960ರವರೆಗೆ ಬದುಕಿದ್ದರೆ ಕೃತಿ ಇನ್ನೂ ಹಕ್ಕಿನೊಳಗೇ ಇರುತ್ತದೆ. ಇದನ್ನು ನೋಡದೆ ‘ನೂರು ವರ್ಷ ಆಯ್ತಲ್ಲ’ ಎನ್ನುವವರೇ ಜಾಸ್ತಿ.

1954ರದ್ದು: ಅಮೆರಿಕದಲ್ಲಿ 1947–1956ರ ಧ್ವನಿಮುದ್ರಣಕ್ಕೆ 110 ವರ್ಷ, ಅಂದರೆ 2064ರ ಕೊನೆಯವರೆಗೆ. 1957ರಿಂದ 1972ರ ಫೆಬ್ರವರಿ 14ರವರೆಗಿನವು 2067ರ ಫೆಬ್ರವರಿ 15ರತನಕ. ಯುರೋಪಿನಲ್ಲಿ ಅವಧಿಯನ್ನು 50ರಿಂದ 70ಕ್ಕೆ ಏರಿಸುವ ಹೊತ್ತಿಗೆ 1963ಕ್ಕೆ ಮುಂಚೆ ಪ್ರಕಟವಾದವು ಆಗಲೇ ಹೊರಬಂದಿದ್ದವು. ಭಾರತದಲ್ಲಿ ಪ್ರಕಟವಾದ ಮರುವರ್ಷದಿಂದ 60 ವರ್ಷ. ಹಾಗಾಗಿಯೇ ನಿಮ್ಮ ವಿಡಿಯೊ ಅಮೆರಿಕದಲ್ಲಿ ಮಾತ್ರ ಬ್ಲಾಕ್. ಕ್ಲೇಮ್ ಸರಿಯಾಗಿಯೇ ಇದೆ, ಇದನ್ನು ಡಿಸ್‌ಪ್ಯೂಟ್ ಮಾಡಬೇಡಿ. ಕೃತಿಯ ಹಕ್ಕಿಗಾಗಿ ಬೇರೆ ಕ್ಲೇಮ್ ಬರಲೂಬಹುದು. 50ರ ದಶಕದ ಜಾಝ್ ರಚನಕಾರರಲ್ಲಿ ಹಲವರು ಆಮೇಲೆ ದಶಕಗಟ್ಟಲೆ ಬದುಕಿದ್ದರು.

ವೇಗಮಿತಿ:

ಇಷ್ಟೆಲ್ಲ ತಲೆಬಿಸಿ ಯಾಕೆ? ಪಿಚ್ಚನ್ನು ಸ್ವಲ್ಪ ಏರಿಸಿ, ವೇಗ ಸ್ವಲ್ಪ ಬದಲಿಸಿ ಮತ್ತೆ ಅಪ್‌ಲೋಡ್ ಮಾಡಿ. ಕಂಟೆಂಟ್ ಐಡಿ ಗುರುತು ಹಿಡಿಯುವುದಿಲ್ಲ.

ತರಂಗರೇಖೆ:

@ವೇಗಮಿತಿ, ಇದು ಕೆಟ್ಟ ಸಲಹೆ. ಸಣ್ಣಪುಟ್ಟ ಬದಲಾವಣೆಗಳನ್ನು ತಡೆದುಕೊಳ್ಳುವಂತೆಯೇ ಆ ವ್ಯವಸ್ಥೆಯನ್ನು ಕಟ್ಟಿದ್ದಾರೆ. ತಪ್ಪಿಸಿಕೊಳ್ಳುವಷ್ಟು ಬದಲಿಸಿದರೆ ಕೇಳುಗರ ಕಿವಿಗೆ ಹಿಂಸೆ. ಇಂದು ತಪ್ಪಿಸಿಕೊಂಡರೂ ಹಳೆಯ ವಿಡಿಯೊಗಳನ್ನು ಹೊಸ ರೆಫರೆನ್ಸ್ ಫೈಲ್‌ಗಳ ಜೊತೆ ಮತ್ತೆ ಹೋಲಿಸುತ್ತಾರೆ, ಎಷ್ಟೋ ದಿನದ ಮೇಲೂ ಕ್ಲೇಮ್ ಬರಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಡಿಸ್‌ಪ್ಯೂಟ್ ಮಾಡುವ ದಿನ ಬಂದಾಗ ಬೇಕೆಂದೇ ತಿದ್ದಿದ ಆಡಿಯೊ ಇಟ್ಟುಕೊಂಡು ‘ಇದು ಪಬ್ಲಿಕ್ ಡೊಮೈನ್’ ಅಂದರೆ ನಂಬುವವರು ಯಾರು?

ಸೊನಾಟಾಕ್ಕೆ ಕ್ಲೇಮ್ ಬಂದ ಕಾರಣ ಇದು. ಹಕ್ಕುದಾರರು ಕೊಟ್ಟ ರೆಫರೆನ್ಸ್ ಫೈಲ್‌ನಿಂದ ಧ್ವನಿಯ ಬೆರಳಚ್ಚು ತೆಗೆದಿಟ್ಟಿರುತ್ತಾರೆ: ಯಾವ ಕ್ಷಣದಲ್ಲಿ ಯಾವ ಆವರ್ತನದಲ್ಲಿ (ಫ್ರೀಕ್ವೆನ್ಸಿಯಲ್ಲಿ) ಶಕ್ತಿ ಎಷ್ಟಿದೆ ಎನ್ನುವ ನಕ್ಷೆ. ಇದಲ್ಲದೆ ಮೆಲೊಡಿಯನ್ನಷ್ಟೇ ಹೋಲಿಸುವ ಪದ್ಧತಿಯೂ ಇದೆ. ಒಂದೇ ಸ್ವರಗಳು, ಒಂದೇ ವಾದ್ಯ, ಹತ್ತಿರಹತ್ತಿರದ ಗತಿ ಇದ್ದಾಗ ಇಬ್ಬರು ಪಿಯಾನೊ ವಾದಕರನ್ನು ಯಂತ್ರ ಒಬ್ಬರೇ ಎಂದುಕೊಳ್ಳುತ್ತದೆ. ಶಾಸ್ತ್ರೀಯ ಸಂಗೀತದಲ್ಲಿ ಇದು ಮಾಮೂಲು. (2018ರಲ್ಲಿ ಸುದ್ದಿಯಾದ ಪ್ರಕರಣ ನೆನಪಿದೆಯೇ? 10 ಗಂಟೆಯ ಬರೀ ‘ವೈಟ್ ನಾಯ್ಸ್’ ವಿಡಿಯೊಗೆ ಐದು ಕ್ಲೇಮ್!)

ಈಗ ಮಾಡಬೇಕಾದ್ದು. ಯೂಟ್ಯೂಬ್ ಸ್ಟುಡಿಯೊದಲ್ಲಿ ಕಂಟೆಂಟ್ ಪಟ್ಟಿಗೆ ಹೋಗಿ, ರಿಸ್ಟ್ರಿಕ್ಷನ್ಸ್ ಕಾಲಂನಲ್ಲಿ ‘ಕಾಪಿರೈಟ್’ ಮೇಲೆ ಒತ್ತಿ ವಿವರ ತೆರೆಯಿರಿ. ಎಷ್ಟನೇ ಸೆಕೆಂಡಿನಿಂದ ಎಷ್ಟನೆಯದಕ್ಕೆ ಹೊಂದಿಕೆಯಾಗಿದೆ, ಯಾರ ಕ್ಲೇಮ್, ಯಾವ ದೇಶದಲ್ಲಿ ಏನು ನಿರ್ಬಂಧ ಎಲ್ಲ ಅಲ್ಲಿರುತ್ತದೆ. ಡಿಸ್‌ಪ್ಯೂಟ್ ಒತ್ತುವ ಮುನ್ನ ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಡಿಸ್‌ಪ್ಯೂಟ್ ಹಾಕಿದ ಮೇಲೆ ಎದುರಿನವರಿಗೆ 30 ದಿನ. ಸುಮ್ಮನಿದ್ದರೆ ಕ್ಲೇಮ್ ತಾನಾಗಿ ಬಿದ್ದುಹೋಗುತ್ತದೆ. ಅವರು ತಿರಸ್ಕರಿಸಿದರೆ ನೀವು ಅಪೀಲ್ ಮಾಡಬಹುದು, ಆಗ ಅವರಿಗೆ 7 ದಿನ ಮಾತ್ರ. ಅಪೀಲನ್ನೂ ಒಪ್ಪದಿದ್ದರೆ ಅವರಿಗೆ ಉಳಿಯುವ ದಾರಿ ಟೇಕ್‌ಡೌನ್, ಅದು ಬಂದರೆ ಸ್ಟ್ರೈಕ್. ನಿಜವಾದ ಅಪಾಯ ಇರುವುದು ಇಲ್ಲೇ. (ಹಾಗೆಂದು ಮೊದಲ ಹಂತದಲ್ಲೇ ಟೇಕ್‌ಡೌನ್ ಕಳಿಸುವ ಹಕ್ಕೂ ಅವರಿಗಿದೆ, ಮರೆಯಬೇಡಿ.) ಕ್ಲೇಮ್‌ನಿಂದ ವಿಡಿಯೊ ಬ್ಲಾಕ್ ಆಗಿದ್ದರೆ 30 ದಿನದ ಹಂತ ಬಿಟ್ಟು ನೇರ ಅಪೀಲಿಗೆ ಹೋಗುವ ಆಯ್ಕೆಯೂ ಇದೆ, ಬೇಗ ಮುಗಿಯುತ್ತದೆ, ಸ್ಟ್ರೈಕ್ ಕೂಡ ಅಷ್ಟೇ ಬೇಗ ಬರಬಹುದು.

ಹಣ ಗಳಿಸುವ ಚಾನೆಲ್‌ನವರು ಓದುತ್ತಿದ್ದರೆ: ಕ್ಲೇಮ್ ಬಂದ 5 ದಿನಗಳೊಳಗೆ ಡಿಸ್‌ಪ್ಯೂಟ್ ಮಾಡಿದರೆ ಮೊದಲ ದಿನದಿಂದಲೇ ಆದಾಯವನ್ನು ತೆಗೆದಿಟ್ಟು ಗೆದ್ದವರಿಗೆ ಕೊಡುತ್ತಾರೆ. ತಡವಾದರೆ ಡಿಸ್‌ಪ್ಯೂಟ್ ಮಾಡಿದ ದಿನದಿಂದ ಮಾತ್ರ.

ಸೊನಾಟಾಕ್ಕೆ ಬರೆಯುವುದು ಚುಟುಕಾಗಿರಲಿ, ಸಿಟ್ಟು ಬೇಡ: ‘ಕೃತಿ: ಬೀಥೋವನ್ (ಮರಣ 1827), ಪಬ್ಲಿಕ್ ಡೊಮೈನ್. ಈ ಧ್ವನಿಮುದ್ರಣದಲ್ಲಿ ನುಡಿಸಿದವನು ಮತ್ತು ಹಕ್ಕುದಾರ ನಾನೇ. ನಿಮ್ಮ ಕಲಾವಿದರ ಮುದ್ರಣದ ಯಾವ ಭಾಗವನ್ನೂ ಬಳಸಿಲ್ಲ.’ ನುಡಿಸುವ ಕೈ ಕಾಣುವ ವಿಡಿಯೊ ಇದ್ದರೆ ಅದನ್ನೂ ಹೇಳಿ. ಸುಮ್ಮನೆ ‘ಪಬ್ಲಿಕ್ ಡೊಮೈನ್’ ಎಂದಷ್ಟೇ ಬರೆದರೆ ಅವರು ‘ಕೃತಿ ಹೌದು, ನಮ್ಮ ಧ್ವನಿಮುದ್ರಣ ಅಲ್ಲ’ ಎಂದು ತಳ್ಳಿಹಾಕುತ್ತಾರೆ.

ಗಮಕಿ:

1921ರದಕ್ಕೆ ಸಾಕ್ಷ್ಯ ಜಾಸ್ತಿ ಬೇಕು, ಏಕೆಂದರೆ ನಿಮ್ಮ ತಟ್ಟೆ ಮತ್ತು ಅವರ ಸಿಡಿ ಎರಡರಲ್ಲೂ ಇರುವುದು ನಿಜಕ್ಕೂ ಒಂದೇ ಪ್ರದರ್ಶನ. ಯಂತ್ರದ ಹೊಂದಿಕೆ ತಪ್ಪಲ್ಲ, ಹಕ್ಕಿನ ಹೇಳಿಕೆ ತಪ್ಪು. ‘ನಾವು ರಿಮಾಸ್ಟರ್ ಮಾಡಿದ್ದೇವೆ’ ಎಂಬ ಉತ್ತರ ಬರಬಹುದು. ಗದ್ದಲ ತೆಗೆದು ಸಮತೋಲ ಸರಿಪಡಿಸಿದ ಮಾತ್ರಕ್ಕೆ ಹೊಸ ಹಕ್ಕು ಹುಟ್ಟುತ್ತದೆ ಎಂಬ ಕೆಳನ್ಯಾಯಾಲಯದ ತೀರ್ಪನ್ನು ಅಮೆರಿಕದ 9ನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ 2018ರಲ್ಲಿ ತಳ್ಳಿಹಾಕಿದೆ. ಆದರೂ ವಾದಕ್ಕೆ ಎಡೆಯೇ ಇರಬಾರದೆಂದರೆ ನಿಮ್ಮ ಆಡಿಯೊ ತಟ್ಟೆಯಿಂದಲೇ ಬಂದಿರಬೇಕು, ಸಿಡಿಯಿಂದಲ್ಲ.

ಇಟ್ಟುಕೊಳ್ಳಬೇಕಾದವು: ಲೇಬಲ್‌ನ ಫೋಟೊ, ಲೇಬಲ್ ಸುತ್ತಲಿನ ಖಾಲಿ ಜಾಗದಲ್ಲಿ ಒತ್ತಿರುವ ಮ್ಯಾಟ್ರಿಕ್ಸ್ ಸಂಖ್ಯೆ (ಆ ಮುದ್ರಣದ ಗುರುತು) ಮತ್ತು ಟೇಕ್ ಸಂಖ್ಯೆಯ (ಅದು ಎಷ್ಟನೇ ಸಲ ಹಾಡಿದ್ದು ಎಂಬುದರ) ಫೋಟೊ (ಓರೆಯಾಗಿ ಬೆಳಕು ಬಿಟ್ಟರೆ ಕಾಣುತ್ತದೆ), ಏನೂ ಶುದ್ಧಿ ಮಾಡದ ಮೂಲ ಫೈಲ್. ಮ್ಯಾಟ್ರಿಕ್ಸ್ ಸಂಖ್ಯೆಯನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಗ್ರಂಥಾಲಯ ನಡೆಸುವ ‘ಡಿಸ್ಕಾಗ್ರಫಿ ಆಫ್ ಅಮೆರಿಕನ್ ಹಿಸ್ಟಾರಿಕಲ್ ರೆಕಾರ್ಡಿಂಗ್ಸ್’ನಲ್ಲಿ ಹುಡುಕಿ. ಅಲ್ಲಿ ಸಾಮಾನ್ಯವಾಗಿ ಸಿಗುವುದು ರೆಕಾರ್ಡ್ ಮಾಡಿದ ದಿನ, ಕಾನೂನು ನೋಡುವುದು ಪ್ರಕಟವಾದ ವರ್ಷ. 1922ರ ಡಿಸೆಂಬರ್‌ನಲ್ಲಿ ಹಾಡಿದ್ದು 1923ರಲ್ಲಿ ಮಾರುಕಟ್ಟೆಗೆ ಬಂದಿದ್ದರೆ ಲೆಕ್ಕವೇ ಬೇರೆ. ಜನಪ್ರಿಯ ಹಾಡುಗಳನ್ನು ಅದೇ ಕಲಾವಿದರು 1925ರ ನಂತರ ಮೈಕ್ರೊಫೋನ್ ಬಳಸಿ ಮತ್ತೆ ಹಾಡಿದ್ದೂ ಉಂಟು. ಶೀರ್ಷಿಕೆ ಒಂದೇ, ವರ್ಷ ಬೇರೆ. ಮೈಕ್ರೊಫೋನ್ ಇಲ್ಲದೆ ಕೊಂಬಿನ ಮುಂದೆ ಹಾಡಿದ ಹಳೆಯ ಮುದ್ರಣದಲ್ಲಿ ತಗ್ಗಿನ ಸ್ವರಗಳೂ ‘ಸ’ಕಾರದ ಸಿಳ್ಳೂ ಇಲ್ಲವೆಂಬಷ್ಟು ಕಮ್ಮಿ, ಅನುಮಾನ ಬಂದರೆ ಕಿವಿಯೇ ಮೊದಲ ಪರೀಕ್ಷೆ, ಟೇಕ್ ಸಂಖ್ಯೆ ಕೊನೆಯದು.

ಸೂಜಿಮೊನೆ:

ತುಂಬ ಉಪಕಾರವಾಯಿತು. 1954ರದನ್ನು ಮುಟ್ಟುವುದಿಲ್ಲ. ಎರಡು ಪ್ರಶ್ನೆ ಉಳಿದಿವೆ. ಅದನ್ನು ಇಂಟರ್ನೆಟ್ ಆರ್ಕೈವ್‌ಗೆ ಹಾಕಿದರೆ ಹೇಗೆ? ಅಲ್ಲಿ ಇಂಥವು ರಾಶಿ ಇವೆ. ಮತ್ತೆ, ಚಾನೆಲ್‌ನ ಆರಂಭದ 20 ಸೆಕೆಂಡಿಗೆ ಒಂದು ಉಚಿತ ಸಂಗೀತದ ತಾಣದಿಂದ ತೆಗೆದ ಕ್ರಿಯೇಟಿವ್ ಕಾಮನ್ಸ್ ತುಣುಕು ಇದೆ, ಲೈಸೆನ್ಸ್ ‘ಸಿಸಿ ಬಿವೈ-ಎನ್‌ಡಿ 4.0’. ಹೆಸರು ಹಾಕಿದ್ದೇನೆ. ಸಾಕಲ್ಲವೇ?

ತರಂಗರೇಖೆ:

ಸಾಲದು. ‘ಎನ್‌ಡಿ’ ಎಂದರೆ ಬದಲಿಸಿದ್ದನ್ನು ಹಂಚುವಂತಿಲ್ಲ. ಸಂಗೀತವನ್ನು ಚಲಿಸುವ ಚಿತ್ರಕ್ಕೆ ಹೊಂದಿಸಿ ಕೂರಿಸಿದರೆ ಅದೇ ಬದಲಾವಣೆ ಎಂದು 4.0 ಲೈಸೆನ್ಸ್‌ನ ಪಠ್ಯದಲ್ಲೇ ಬರೆದಿದೆ, ಒಂದು ಸ್ವರವನ್ನೂ ಕತ್ತರಿಸದಿದ್ದರೂ ಸರಿ. ‘ಸಿಸಿ ಬಿವೈ’ (ಹೆಸರು ಹಾಕಿದರೆ ಸಾಕು) ಅಥವಾ ‘ಸಿಸಿ0’ (ಹಕ್ಕನ್ನೇ ಬಿಟ್ಟುಕೊಟ್ಟದ್ದು) ಇರುವ ತುಣುಕಿಗೆ ಬದಲಾಯಿಸಿ. ‘ಬಿವೈ-ಎಸ್‌ಎ’ ಆದರೆ ಇಡೀ ವಿಡಿಯೊವನ್ನೂ ಅದೇ ಲೈಸೆನ್ಸ್‌ನಲ್ಲಿ ಕೊಡಬೇಕಾಗುತ್ತದೆ. ವಿವರಣೆಯಲ್ಲಿ ಶೀರ್ಷಿಕೆ, ಕಲಾವಿದರು, ಮೂಲದ ಕೊಂಡಿ, ಲೈಸೆನ್ಸ್‌ನ ಕೊಂಡಿ ನಾಲ್ಕೂ ಇರಲಿ. ಇಳಿಸಿದ ದಿನ ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ: ಕೊಟ್ಟ ಲೈಸೆನ್ಸನ್ನು ಕಲಾವಿದರು ಹಿಂದಕ್ಕೆ ಪಡೆಯುವಂತಿಲ್ಲ, ಆದರೆ ಪುಟ ಮಾಯವಾದರೆ ಕೊಟ್ಟಿದ್ದರು ಎಂದು ತೋರಿಸುವುದು ನಿಮ್ಮ ಪಾಡು. ಅದೇ ಕಲಾವಿದರು ಮುಂದೆ ವಿತರಕರ ಮೂಲಕ ಆ ಹಾಡನ್ನು ಕಂಟೆಂಟ್ ಐಡಿಗೆ ಸೇರಿಸಿ ನಿಮಗೇ ಕ್ಲೇಮ್ ಬಂದಾಗ ಆ ಸ್ಕ್ರೀನ್‌ಶಾಟ್ ಕೆಲಸಕ್ಕೆ ಬರುತ್ತದೆ.

ಗಮಕಿ:

ಆರ್ಕೈವ್ ಅಮೆರಿಕದಲ್ಲೇ ಇರುವ ಸಂಸ್ಥೆ, ಆದ್ದರಿಂದ ಅದೇ 110 ವರ್ಷದ ನಿಯಮ. ಅಲ್ಲಿ ಕಾಣುವ ‘ಪಬ್ಲಿಕ್ ಡೊಮೈನ್’ ಗುರುತು ಎಷ್ಟೋ ಸಲ ಅಪ್‌ಲೋಡ್ ಮಾಡಿದವರೇ ಅಂಟಿಸಿದ್ದು, ಯಾರೂ ಪರಿಶೀಲಿಸಿರುವುದಿಲ್ಲ. ಅದರ 78 ಆರ್‌ಪಿಎಂ ಯೋಜನೆಯ ಮೇಲೆಯೇ ದೊಡ್ಡ ಲೇಬಲ್‌ಗಳು 2023ರಲ್ಲಿ ದಾವೆ ಹೂಡಿದ್ದವು, 2025ರಲ್ಲಿ ರಾಜಿಯಾಯಿತು. ವಿಕಿಮೀಡಿಯ ಕಾಮನ್ಸ್ ಕೂಡ ಆಗದು. ಮೂಲ ದೇಶ ಮತ್ತು ಅಮೆರಿಕ ಎರಡರಲ್ಲೂ ಹಕ್ಕು ಮುಗಿದಿರಬೇಕು. ನಿಮ್ಮ 1921ರ ತಟ್ಟೆಯನ್ನು ಮಾತ್ರ ಎರಡೂ ಕಡೆ ಹಾಕಬಹುದು. ಹಾಕುವಾಗ ಮ್ಯಾಟ್ರಿಕ್ಸ್ ಸಂಖ್ಯೆಯನ್ನು ವಿವರದಲ್ಲಿ ಬರೆಯಿರಿ.

ಒಂದು ಎಚ್ಚರಿಕೆ. ಅಪೀಲ್ ಸೋತು ಸ್ಟ್ರೈಕ್ ಬಂದರೆ ಕೌಂಟರ್ ನೋಟಿಫಿಕೇಶನ್ (ಟೇಕ್‌ಡೌನ್ ತಪ್ಪು ಎನ್ನುವ ಕಾನೂನುಬದ್ಧ ಉತ್ತರ) ಕಳಿಸಬಹುದು, ಅಮೆರಿಕದ 10 ಕೆಲಸದ ದಿನಗಳೊಳಗೆ ಅವರು ನ್ಯಾಯಾಲಯಕ್ಕೆ ಹೋದ ಪುರಾವೆ ಕೊಡದಿದ್ದರೆ ವಿಡಿಯೊ ಮರಳಿ ಬರುತ್ತದೆ. ಆದರೆ ಅದರಲ್ಲಿ ನಿಜವಾದ ಹೆಸರು, ವಿಳಾಸ ಬರೆಯಬೇಕು, ಅದು ಎದುರಿನವರಿಗೂ ತಲುಪುತ್ತದೆ; ಅಮೆರಿಕದ ನ್ಯಾಯಾಲಯದ ವ್ಯಾಪ್ತಿಗೆ ಒಪ್ಪಿಗೆಯನ್ನೂ ಕೊಟ್ಟಂತಾಗುತ್ತದೆ. ಸೊನಾಟಾಕ್ಕೆ ಆ ಮಟ್ಟ ಮುಟ್ಟುವ ಪ್ರಸಂಗ ಬರಲಿಕ್ಕಿಲ್ಲ. 1921ರದಕ್ಕೆ ಬಂದರೆ ಮೊದಲು ಕೃತಿಯ ರಚನಕಾರರ ಮರಣದ ವರ್ಷ ಇನ್ನೊಮ್ಮೆ ನೋಡಿಕೊಂಡು ಆಮೇಲೆ ಸಹಿ ಹಾಕಿ.