ಪದಚರ್ಚೆ: ತೋಟಾ ತುಂಬುವ ಯಂತ್ರದಲ್ಲಿ ಉಳಿದದ್ದು ಶೇಷವೋ, ಮಸಿಯೋ, ಕಿಟ್ಟವೋ?

ಕೇಳಿಕೆ (ರಾ.ಶಿ., ಡಲ್ಲಾಸ್):

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಬಂದೂಕಿನಿಂದ ಹಾರಿಸಿದ ತೋಟಾಗಳಿಗೆ (ಕಾರ್ಟ್ರಿಜ್‌ಗಳಿಗೆ) ಮನೆಯಲ್ಲೇ ಮತ್ತೆ ಮದ್ದು ತುಂಬುವ ಹವ್ಯಾಸಿಗಳಿದ್ದಾರಲ್ಲ, ಅವರ ಸಲಕರಣೆ ಶುಚಿ ಮಾಡುವ ಎರಡು ಪುಟದ ಸೂಚನೆ ಕನ್ನಡಕ್ಕೆ ಆಗಬೇಕಿದೆ. ನಾಳೆ ಸಂಜೆಯೊಳಗೆ ಕಳಿಸಬೇಕು. ಮೂಲದಲ್ಲಿ ‘ಉಳಿದದ್ದು’ ಎರಡು ಬಗೆ. ಒಂದು, ಮದ್ದು ಅಳೆಯುವ ಯಂತ್ರದೊಳಗೆ ಸಿಕ್ಕಿಕೊಂಡ, ಇನ್ನೂ ಉರಿಯದ ಕಾಳುಗಳು. ಇನ್ನೊಂದು, ಹಾರಿಸಿದ ತೋಟಾದ ಕೇಪಿನ (ಪೆಟ್ಟು ಬಿದ್ದಾಗ ಸಿಡಿದು ಮದ್ದು ಹೊತ್ತಿಸುವ ಪುಟ್ಟ ಬಟ್ಟಲಿನ) ಗುಳಿಯಲ್ಲಿ ಕಟ್ಟಿದ ಕರಿ. ಎರಡಕ್ಕೂ ‘ಶೇಷ’ ಎಂದರೆ ನಡೆಯುವುದಿಲ್ಲ. ಕರಿಗೆ ‘ಮಸಿ’ ಎನ್ನಬಹುದೇ? ಯಂತ್ರದ ಮೇಲೆ ಮದ್ದು ಸುರಿದಿಡುವ ಹಾಪರಿಗೆ ಏನು? ತೂಕದ ‘ಗ್ರೇನ್’ಗೆ?

ಉತ್ತರ (ಸು., ತೀರ್ಥಹಳ್ಳಿ):

ಮಸಿ ಬೇಡವೇ ಬೇಡ. ಮಲೆನಾಡಿನಲ್ಲಿ ಕೇಪಿನ ಕೋವಿಗೆ ಹಾಕುವ ಕರಿಮದ್ದಿಗೇ ಮಸಿ ಎನ್ನುವುದು. ‘ಮಸಿ ಒರೆಸಿ’ ಎಂದು ಬರೆದರೆ ಇಲ್ಲಿಯವರು ತುಂಬಿದ ಮದ್ದನ್ನೇ ಒರೆಸುವುದೆಂದು ತಿಳಿದಾರು. ಉರಿದು ಕಟ್ಟಿದ್ದು ಕಿಟ್ಟ. ಉರಿಯದ್ದು ಉಳಿದ ಮದ್ದು, ಅಷ್ಟೇ. ಹಾಪರ್ ಹಾಪರೇ.

ಉತ್ತರ (ಕೆ.ವಿ., ಫೀನಿಕ್ಸ್):

ಕ್ರಮ ನೋಡಿಕೊಂಡು ಪದ ಆರಿಸಿ. ಈ ಕೆಲಸದಲ್ಲಿ ವಸ್ತು ಎರಡಲ್ಲ, ಮೂರು.

ಉಳಿದ ಮದ್ದು: ಕೆಲಸ ನಿಲ್ಲಿಸಿದ ಕೂಡಲೇ ಹಾಪರಿನಲ್ಲಿರುವುದನ್ನು ಅದು ಬಂದ ಡಬ್ಬಿಗೇ ಸುರಿಯಬೇಕು. ಮೇಜಿನ ಮೇಲೆ ಒಂದೇ ಡಬ್ಬಿ ಇಟ್ಟುಕೊಳ್ಳುವುದು ಅದಕ್ಕೇ. ರಾತ್ರಿ ಹಾಗೇ ಬಿಟ್ಟರೆ ಬೆಳಗ್ಗೆ ಅದು ಯಾವ ಮದ್ದೆಂದು ಖಾತ್ರಿ ಇರುವುದಿಲ್ಲ. ಅದರಲ್ಲಿ ನೈಟ್ರೊಗ್ಲಿಸರಿನ್ ಇದ್ದರೆ ಪ್ಲಾಸ್ಟಿಕ್ಕನ್ನು ತಿಂದು ಹಾಪರನ್ನು ಮಬ್ಬಾಗಿಸುತ್ತದೆ. ಹಾಪರ್ ಬರಿದಾದರೂ ಯಂತ್ರ ಬರಿದಾಗಿರುವುದಿಲ್ಲ. ಅಳೆಯುವ ಉರುಳೆಯ ಗುಳಿಯಲ್ಲಿ ಒಂದು ಈಡಿನಷ್ಟು ಕೂತಿರುತ್ತದೆ, ನಳಿಗೆಯ ಬಾಯಲ್ಲಿ ಇನ್ನಷ್ಟು. ಕಾಳು ಉದುರುವುದು ನಿಲ್ಲುವವರೆಗೆ ಹಿಡಿ ತಿರುಗಿಸಿ, ನಳಿಗೆಯನ್ನು ಬೆರಳಲ್ಲಿ ತಟ್ಟಿ, ಆಮೇಲೆ ಉರುಳೆ ಹೊರತೆಗೆದು ಮೆತ್ತನೆಯ ಬ್ರಷ್ಷಿನಲ್ಲಿ ಗುಡಿಸಬೇಕು. ನುಣುಪು ಗುಂಡುಕಾಳಿನ ಮದ್ದು ಉರುಳೆಯ ಸಂದಿಗೆ ಇಳಿಯುತ್ತದೆ, ಹಿಡಿ ಕರಕರ ಅನ್ನುವುದು ಆಗಲೇ.

ಹಾಪರಿನ ಗೋಡೆಗೆ ಕಾಳು ಅಂಟುವುದು ಸ್ಥಿರವಿದ್ಯುತ್ತಿನಿಂದ. ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಅದ್ದಿ, ಒರೆಸದೆ ಗಾಳಿಗೆ ಪೂರ್ತಿ ಒಣಗಿಸಿ. ಒರೆಸಿದರೆ ಮತ್ತೆ ವಿದ್ಯುತ್ತು ಹುಟ್ಟುತ್ತದೆ. ಮದ್ದು ತಾಗುವ ಕಡೆ ಎಣ್ಣೆ ಸಲ್ಲದು, ಮದ್ದು ಕೆಡುತ್ತದೆ. ಉರುಳೆ ಬಿಗಿಯಾದರೆ ಚಿಟಿಕೆ ಗ್ರಾಫೈಟ್ ಪುಡಿ ಸಾಕು. ನೆಲಕ್ಕೆ ಚೆಲ್ಲಿದ್ದಕ್ಕೆ ಬ್ರಷ್ಷು, ಧೂಳಿನ ಮೊರ. ವ್ಯಾಕ್ಯೂಮ್ ಕ್ಲೀನರ್ ಹಾಕಿದರೆ ಮೋಟಾರಿನ ಕಿಡಿಗೆ ಹೊತ್ತಿಕೊಳ್ಳಬಹುದು. ಗುಡಿಸಿದ್ದನ್ನು ಡಬ್ಬಿಗೆ ವಾಪಸ್ ಹಾಕುವಂತಿಲ್ಲ, ಬೆರೆತದ್ದನ್ನೂ ಅಷ್ಟೇ. ಬಣ್ಣ, ಆಕಾರ ನೋಡಿ ಮದ್ದು ಗುರುತಿಸಲಾಗದು.

ಎರಡನೆಯದು ಸು. ಅವರು ಹೇಳಿದ ಕಿಟ್ಟ. ಮೂರನೆಯದು ಕೇಪಿನ ಧೂಳು. ಕೇಪು ಸಾಗುವ ಕೊಳವೆಯಲ್ಲಿ ಸೇರುತ್ತದೆ. ಮದ್ದಿನಂತಲ್ಲ, ಉಜ್ಜಿದರೆ ಸಿಡಿಯಬಹುದು, ಸಾಮಾನ್ಯವಾಗಿ ಸೀಸವೂ ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಗಾಳಿ ಊದಬಾರದು, ಕೈ ತೊಳೆಯದೆ ಏನೂ ತಿನ್ನಬಾರದು. ‘ಶೇಷ’ ಎಂಬ ಒಂದೇ ಮೂಟೆಗೆ ಈ ಮೂರನ್ನೂ ತುರುಕಿದರೆ ಓದಿದವನು ಕೇಪಿನ ಧೂಳನ್ನು ಒಣ ಬ್ರಷ್ಷಿನಲ್ಲಿ ಉಜ್ಜುತ್ತಾನೆ.

ಉತ್ತರ (ಎಂ.ಕೆ., ಮೈಸೂರು):

ಬೇಸರದ ಸಂಗತಿ. ತೋಟಾ ಹಿಂದುಸ್ತಾನಿ, ಕೇಪು ಇಂಗ್ಲಿಷ್, ಹಾಪರ್ ಇಂಗ್ಲಿಷ್. ಕನ್ನಡ ಎಲ್ಲಿ? ಕೊಳವೆಯೆಂಬ ಅರ್ಥದ ನಮ್ಮ ‘ಕೋವಿ’ಯನ್ನೇ ಬಂದೂಕಿಗೆ ಇಟ್ಟುಕೊಂಡ ಜನ ನಾವು. ರೋಗಕ್ಕೂ ಮದ್ದು, ಕೋವಿಗೂ ಮದ್ದು ಎಂದದ್ದು ಎಂಥ ಜಾಣತನ! ತಮಿಳರ ‘ಮರುಂದು’, ತೆಲುಗರ ‘ಮಂದು’ ಕೂಡ ಹಾಗೆಯೇ ಎರಡೂ ಕಡೆ ಸಲ್ಲುತ್ತವೆ. ಆ ಬೇರಿನಿಂದಲೇ ಕಟ್ಟಿ: ಅಳೆಯುವ ಯಂತ್ರ ‘ಮದ್ದಳೆಕ’. ಹಾಪರಿಗೆ ‘ಸುರಿಗ’. ತೂಕಕ್ಕೆ ‘ಗುಲಗಂಜಿ’ ಇರುವಾಗ ಗ್ರೇನ್ ಏಕೆ?

ಉತ್ತರ (ಸು., ತೀರ್ಥಹಳ್ಳಿ):

‘ಮದ್ದಳೆಕ ಬಿಚ್ಚಿ ಗುಡಿಸಿ’ ಎಂದು ಓದಿದವರು ಚಂಡೆಯನ್ನೂ ಹುಡುಕುತ್ತಾರೆ. ಯಕ್ಷಗಾನ ಮೇಳಕ್ಕೆ ಕಳಿಸಿ ಆ ಪದವನ್ನು.

ಉತ್ತರ (ಕೆ.ವಿ., ಫೀನಿಕ್ಸ್):

ಗುಲಗಂಜಿ ತಮಾಷೆಯ ಮಾತಲ್ಲ, ಎಂ.ಕೆ. ಅವರೇ. ತೊಲಕ್ಕೆ 180 ಗ್ರೇನ್, 96 ಗುಲಗಂಜಿ. ಅಂದರೆ ಒಂದು ಗುಲಗಂಜಿಗೆ 1.875 ಗ್ರೇನ್. 5 ಗ್ರೇನ್ ಇರುವಲ್ಲಿ 5 ಗುಲಗಂಜಿ ಎಂದು ಅಚ್ಚಾದರೆ ಮದ್ದು ಹೆಚ್ಚುಕಡಿಮೆ ಇಮ್ಮಡಿ, ಕೋವಿ ಒಡೆಯಬಹುದು. ‘ಕಾಳು’ ಎಂದೂ ಬರೆಯಬೇಡಿ, ಐದು ಕಾಳು ಮದ್ದನ್ನು ಎಣಿಸಿ ಹಾಕುವವರೂ ಇರುತ್ತಾರೆ. ಗ್ರೇನ್ ಎಂದೇ ಇರಲಿ, ಪಕ್ಕದಲ್ಲಿ 64.8 ಮಿಲಿಗ್ರಾಂ ಎಂದು ಒಮ್ಮೆ ಕೊಡಿ.

ಉತ್ತರ (ಎಂ.ಕೆ., ಮೈಸೂರು):

ಲೆಕ್ಕ ಒಪ್ಪಿದೆ, ತತ್ತ್ವ ಒಪ್ಪಲಿಲ್ಲ. ಎರವಲಿಗೆ ಸುರಕ್ಷತೆಯ ನೆಪ ಸುಲಭ.

ಉತ್ತರ (ಗೀ., ಮಡಿಕೇರಿ):

ತುಪಾಕಿ ತುರ್ಕಿಯ ಕಡೆಯದು, ಬಂದೂಕು ಅರಬ್ಬಿಯದು, ಎರಡನ್ನೂ ಯಾರೂ ಗಡಿಯಲ್ಲಿ ತಡೆದಿಲ್ಲ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವಂತಿಲ್ಲ, ಹಾಗಾಗಿ ಈ ಯಂತ್ರದ ಭಾಗಗಳಿಗೆ ಮನೆಮಾತಿನ ಹೆಸರು ಬೆಳೆಯಲಿಲ್ಲ. ಇಲ್ಲದ್ದನ್ನು ಇವತ್ತೇ ಹೊಸೆದು ನಾಳೆ ಅಚ್ಚು ಹಾಕಿಸುವುದು ಯಾರ ಉಪಕಾರಕ್ಕೆ? ರಾ.ಶಿ. ಅವರೇ, ‘ತೋಟ’ ಎಂದು ಬರೆದುಬಿಟ್ಟೀರಿ, ದೀರ್ಘ ಬಿಡಬೇಡಿ. ‘ತೋಟಕ್ಕೆ ಮದ್ದು’ ಎಂದರೆ ಇಲ್ಲಿ ಎಲ್ಲರೂ ಬೋರ್ಡೊ ದ್ರಾವಣ ಕಲಸುತ್ತಾರೆ.

ಉತ್ತರ (ರಾ.ಶಿ., ಡಲ್ಲಾಸ್):

ಉಳಿದ ಮದ್ದು, ಕಿಟ್ಟ, ಕೇಪಿನ ಧೂಳು, ಹಾಪರ್, ಉರುಳೆ, ಗ್ರೇನ್. ಇಷ್ಟನ್ನು ಹಾಕಿ ಕಳಿಸುತ್ತಿದ್ದೇನೆ. ಎಂ.ಕೆ. ಸರ್, ‘ಸುರಿಗ’ ಕೇಳಲು ಚೆನ್ನಾಗಿದೆ, ಆದರೆ ಡಬ್ಬದ ಮೇಲೆಯೇ ಹಾಪರ್ ಎಂದು ಕೊರೆದಿದ್ದಾರೆ.

ಉತ್ತರ (ಎಂ.ಕೆ., ಮೈಸೂರು):

ಕೊರೆದವರು ಕನ್ನಡಿಗರಲ್ಲ. ನಿಮ್ಮಿಷ್ಟ.